ಗಂಭೀರ ಸಂದರ್ಭಗಳಲ್ಲಿ ಮಾತ್ರ

ನಮ್ಮ ಬಾಟಲಿ ಕಾರ್ಖಾನೆಯಲ್ಲಿ ಕೆಲಸಗಾರರ ಮನೆಯವರು ಕರೆ ಮಾಡಬಹುದಾಗಿದ್ದ ಟೆಲಿಫೋನು ಒಂದೇ ಒಂದು, ಅದು ನನ್ನ ಮೇಜಿನ ಮೇಲಿತ್ತು. ಗೇಟು ದಾಟಿ ಬಲಕ್ಕೆ ತಿರುಗಿದರೆ ಹಾಜರಿ ಪುಸ್ತಕಗಳ ಕಪಾಟು, ಅದರ ಪಕ್ಕದಲ್ಲಿ ಕಿಟಕಿ, ಕಿಟಕಿಯ ಹಿಂದೆ ನಾನು. ಕೋಣೆ ಎಷ್ಟು ಚಿಕ್ಕದೆಂದರೆ ಕಾಲು ಚಾಚಿ ಕುಳಿತರೆ ಬಾಗಿಲು ಮುಚ್ಚುತ್ತಿರಲಿಲ್ಲ. ಫೋನಿನ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ರಟ್ಟಿನ ಮೇಲೆ, ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ದಪ್ಪ ಅಕ್ಷರದಲ್ಲಿ ಬರೆದಿದ್ದರು: "ಗಂಭೀರ ಸಂದರ್ಭಗಳಲ್ಲಿ ಮಾತ್ರ ಕಾರ್ಮಿಕರನ್ನು ಕೆಲಸದ ನಡುವೆ ಕರೆಯತಕ್ಕದ್ದು."

ನಿಯಮಕ್ಕೆ ಕಾರಣವಿತ್ತು. ಕರಗಿದ ಗಾಜು ಯಾರಿಗೂ ಕಾಯುವುದಿಲ್ಲ. ಅಚ್ಚಿನ ಮುಂದೆ ನಿಂತವನು ಎರಡು ನಿಮಿಷ ಆಚೆ ಹೋದರೆ ಇಪ್ಪತ್ತು ಬಾಟಲಿ ಸೊಟ್ಟಗಾಗುತ್ತವೆ. ಹಾಗಾಗಿ ಮನೆಯಿಂದ ಕರೆ ಬಂದಾಗ ನಾನು ಮಾಡಬೇಕಾಗಿದ್ದುದು ಇಷ್ಟೇ: ದಪ್ಪ ರಟ್ಟಿನ ಸಂದೇಶ ಪುಸ್ತಕದಲ್ಲಿ ಗಂಟೆ, ಯಾರಿಗೆ, ಏನು ಎಂಬ ಮೂರು ಕಲಮುಗಳನ್ನು ತುಂಬುವುದು. ಮೂರನೆಯ ಕಲಮಿನಲ್ಲಿ ಆ ಕಡೆಯವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕು. ಮಾತಿನಲ್ಲಿ "ಗಂಭೀರ" ಎಂದಿದ್ದರೆ ಎದ್ದು ಒಳಗೆ ಹೋಗಿ ಆಳನ್ನು ಕರೆದು ಕಳಿಸುವುದು. ಇಲ್ಲದಿದ್ದರೆ ಒಂದು ಚೀಟಿಯಲ್ಲಿ ನಕಲು ಮಾಡಿಟ್ಟು, ಪಾಳಿ ಮುಗಿದು ಹೊರಹೋಗುವಾಗ ಕೈಗೆ ಕೊಡುವುದು.

ಜನ ದಡ್ಡರಲ್ಲ. ಬಾಗಿಲು ತೆರೆಯುವ ಪದ ಯಾವುದೆಂದು ವರ್ಷದೊಳಗೆ ಎಲ್ಲರ ಮನೆಗೂ ಗೊತ್ತಾಯಿತು. ಬೀಗದ ಕೈ ಕಳೆದದ್ದು ಗಂಭೀರವಾಯಿತು. ಆಡು ಮರಿ ಹಾಕುತ್ತಿರುವುದು ಗಂಭೀರವಾಯಿತು. ಪ್ಯಾಕಿಂಗ್ ವಿಭಾಗದವನೊಬ್ಬನ ಹೆಂಡತಿ, ಅತ್ತೆ ಹೇಳದೆ ಕೇಳದೆ ಬಂದಿಳಿದಿದ್ದಾರೆ, ಪರಿಸ್ಥಿತಿ ಗಂಭೀರ ಎಂದು ಬರೆಸಿದ್ದಳು. ಇದೊಂದು ಮಾತ್ರ ನಿಜ ಕಣ್ರೀ ಎಂದು ಅವನು ನಗುತ್ತ ಬನಿಯನ್ ಕೊಡವಿಕೊಂಡು ಮನೆಗೆ ಹೋದ.

ಎಲ್ಲರೂ ನಗುತ್ತಿದ್ದರು, ನನಗೆ ಸಂಕಟವಾಗುತ್ತಿತ್ತು. ಆ ದಿನಗಳಲ್ಲಿ ನನ್ನ ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಒಂದು ಕವನ ಸಂಕಲನವಿರುತ್ತಿತ್ತು. ಪ್ರಾಸ ಬಿಟ್ಟ, ಹಾಡಲು ಬಾರದ, ಒಂದೊಂದು ಪದವನ್ನೂ ತೂಗಿ ಇಟ್ಟ ಹೊಸ ಬಗೆಯ ಕವಿತೆಗಳು. ನಾನು ಒಂದು ಸಾಲೂ ಬರೆದವನಲ್ಲ. ಆದರೂ ಕಾರ್ಖಾನೆಯಲ್ಲಿ ನನ್ನನ್ನು "ಕವಿಗಳು" ಎಂದೇ ಕರೆಯುತ್ತಿದ್ದರು. ಓದಿ ಓದಿ ನನ್ನಲ್ಲಿ ಒಂದು ನಂಬಿಕೆ ಬೇರೂರಿತ್ತು: ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ಕಳ್ಳತನಕ್ಕೆ ಸಮ. ಆಳವಾದ ನೀರಿಗೆ, ತಗ್ಗಿದ ದನಿಗೆ, ಮಾತು ನಿಲ್ಲಿಸಿದ ಮುಖಕ್ಕೆ ಹೇಳಬೇಕಾದ "ಗಂಭೀರ"ವನ್ನು ಇವರು ಆಡಿನ ಹೆರಿಗೆಗೆ ಹಾಸಿ ಕಾಲೊರೆಸಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು. ಆದ್ದರಿಂದಲೇ ಹೊಸ ಸೂಪರ್‌ವೈಸರ್ ಬಂದು ಆ ಪದಕ್ಕೆ ಕಾವಲು ಹಾಕಿದಾಗ, ಎಲ್ಲರಿಗಿಂತ ಮೊದಲು ಸಂತೋಷಪಟ್ಟವನು ನಾನೇ.

ಅವರು ಹಿಂದೆ ಯಾವುದೋ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದವರಂತೆ. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ದನಿ ಏರಿಸಿದವರಲ್ಲ, ಯಾರನ್ನೂ ಬೈದವರಲ್ಲ. ಬಂದ ತಿಂಗಳೇ ಅವರು ಒಂದು ಪದ್ಧತಿ ಹಾಕಿದರು. ಗಂಭೀರವೆಂದು ಹೊರಹೋದವನು ಮರಳಿದ ದಿನ, ಚಹಾದ ಬಿಡುವಿನಲ್ಲಿ, ತಲೆಕೆಳಗಾಗಿಟ್ಟ ಮರದ ಪೆಟ್ಟಿಗೆಯ ಮೇಲೆ ನಿಂತು ಮನೆಯಲ್ಲಿ ನಡೆದದ್ದನ್ನು ಎಲ್ಲರಿಗೂ ಹೇಳಬೇಕು. ಕೇಳಿದವರು ಕೈ ಎತ್ತಿ ತೀರ್ಮಾನಿಸಬೇಕು. ಅರ್ಧಕ್ಕಿಂತ ಹೆಚ್ಚು ಕೈ ಎದ್ದರೆ ಗಂಭೀರ, ಇಲ್ಲದಿದ್ದರೆ ಒಂದು ವಾರ ಕುಲುಮೆಯ ಬಾಯಿ. ಅಂದರೆ, ಒಡೆದ ಗಾಜಿನ ಚೂರನ್ನು ಉದ್ದ ಹಿಡಿಕೆಯ ಸಲಿಕೆಯಲ್ಲಿ ಬೆಂಕಿಗೆ ಸುರಿಯುವ ಕೆಲಸ. ಕೈಗಳನ್ನು ಎಣಿಸಿ ಸಂದೇಶದ ಪಕ್ಕದಲ್ಲಿ ಸಂಖ್ಯೆ ಬರೆಯುವುದು ಗುಮಾಸ್ತನ, ಅಂದರೆ ನನ್ನ ಜವಾಬ್ದಾರಿ. ಇನ್ನೂ ಒಂದು ಮಾತನ್ನು ಅವರು ನನ್ನ ಕಿಟಕಿಗೆ ಬಂದು ಮೆಲ್ಲಗೆ ಹೇಳಿ ಹೋದರು. ಆ ಕಡೆಯವರ ಬಾಯಲ್ಲಿ ಆ ಪದ ಬಾರದೆ ನಾನಾಗಿಯೇ ಯಾರನ್ನಾದರೂ ಕರೆದು ಕಳಿಸಿದರೆ, ವಾರದ ಕುಲುಮೆ ನನ್ನದು.

ತೀರ್ಪನ್ನು ಅವರು ತಮ್ಮ ಕೈಯಲ್ಲಿ ಇಟ್ಟುಕೊಳ್ಳದೆ ನಮಗೇ ಕೊಟ್ಟದ್ದು ಮೊದಲಿಗೆ ದೊಡ್ಡತನದಂತೆ ಕಂಡಿತು. ಆಮೇಲೆ ಗೊತ್ತಾಯಿತು, ಮೇಷ್ಟ್ರು ಒಬ್ಬರೇ ತೀರ್ಮಾನಿಸಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ನಾವು ನಲವತ್ತೊಂದು ಜನ ಸೇರಿ ಯಾರನ್ನೂ ಉಳಿಸಲಿಲ್ಲ. ನಿನ್ನೆ ಪೆಟ್ಟಿಗೆಯ ಮೇಲೆ ನಿಂತು ಬೆವರಿದವನು ಇವತ್ತು ಕೆಳಗೆ ನಿಂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅಜ್ಜಿ ಸತ್ತವನನ್ನು, ಎಷ್ಟು ವಯಸ್ಸಾಗಿತ್ತಪ್ಪಾ ಎಂದು ಕೇಳಿ, ತೊಂಬತ್ತೆರಡು ಎಂದ ಕೂಡಲೇ ಎತ್ತಿದ್ದ ಕೈಗಳನ್ನೂ ಇಳಿಸಿದರು. ಚಹಾ ಆರಿಹೋದರೂ ಯಾರಿಗೂ ಲಕ್ಷ್ಯವಿರಲಿಲ್ಲ. ದಿನದ ಎಂಟು ಗಂಟೆಗಳ ಸೆಕೆ, ಸದ್ದು, ಗಾಜಿನ ಪುಡಿ ಎಲ್ಲಕ್ಕೂ ಆ ಕಾಲು ಗಂಟೆ ಔಷಧಿಯಾಗಿತ್ತು.

ಬಿರುಕಣ್ಣನ ಸರದಿ ಬಂದದ್ದು ಆ ಕಾಲದಲ್ಲಿ. ಅದು ಅವನ ಅಡ್ಡಹೆಸರು. ಕತ್ತಲು ಮಾಡಿದ ಮೂಲೆಯಲ್ಲಿ ಒಂದು ಬೆಳಕಿನ ಪರದೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು, ಪಟ್ಟಿಯ ಮೇಲೆ ಸಾಲಾಗಿ ಸಾಗಿಬರುವ ಬಾಟಲಿಗಳನ್ನು ನೋಡುವುದು, ಬಿರುಕಿದ್ದದ್ದನ್ನು ಎತ್ತಿ ಪಕ್ಕದ ಡಬ್ಬಕ್ಕೆ ಹಾಕುವುದು ಅವನ ಕೆಲಸ. ಕೂದಲೆಳೆಯ ಬಿರುಕನ್ನೂ ಬಿಡುತ್ತಿರಲಿಲ್ಲ. ಮಾತು ಕಡಿಮೆ. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಆರು ವರ್ಷದ ಒಬ್ಬಳೇ ಮಗಳು.

ಒಂದು ಬೆಳಿಗ್ಗೆ ಆ ಹೆಂಗಸು ತಮ್ಮ ಬೀದಿಯ ಮೂಲೆಯ ದಿನಸಿ ಅಂಗಡಿಯಿಂದ ಫೋನು ಮಾಡಿ, ಮಗು ಮೆಟ್ಟಿಲಿಂದ ಬಿದ್ದಿದೆ, ಬಾಯಿ ತುಂಬ ರಕ್ತ, ಗಂಭೀರ ಅಂತ ಹೇಳಿ ಅಣ್ಣ ಎಂದಳು. ನಾನು ಒಳಗೆ ಓಡಿದೆ. ಅವನು ಕೈಯಲ್ಲಿದ್ದ ಬಾಟಲಿಯನ್ನು ಪಟ್ಟಿಯ ಮೇಲೆ ನೆಟ್ಟಗೆ ನಿಲ್ಲಿಸಿಯೇ ಎದ್ದ. ಮರುದಿನ ಪೆಟ್ಟಿಗೆ ಹತ್ತಿ, ತುಟಿ ಸೀಳಿತ್ತು, ಡಾಕ್ಟರು ಹೊಲಿಗೆ ಹಾಕಿದರು, ಈಗ ಪರವಾಗಿಲ್ಲ ಎಂದಷ್ಟೇ ಹೇಳಿದ.

"ಎಷ್ಟು ಹೊಲಿಗೆ?" ಎಂದು ಕೇಳಿದರು ಮೇಷ್ಟ್ರು.

"ಎರಡು, ಸಾರ್."

ಕೈಗಳು ಏಳುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದವು. ಕೆಲವು ಎದೆಯವರೆಗೆ ಬಂದಿದ್ದವು. ನಾನು ಎಣಿಸುವವನಾದ್ದರಿಂದ ಅದನ್ನು ಚೆನ್ನಾಗಿ ಕಂಡಿದ್ದೆ. ಆಗ ಹಿಂದಿನಿಂದ ಒಂದು ದನಿ ಬಂತು.

"ಮನೆಯವ್ರನ್ನೇ ಕೇಳಿ ನೋಡಪ್ಪ, ಒಂದು ಗುಂಡಿ ಹಾಕಕ್ಕೂ ನಾಲ್ಕು ಹೊಲಿಗೆ ಬೇಕು."

ನಲವತ್ತು ಜನ ಬಿದ್ದು ಬಿದ್ದು ನಕ್ಕರು. ಎದೆಯವರೆಗೆ ಬಂದಿದ್ದ ಕೈಗಳು ಹೊಟ್ಟೆ ಹಿಡಿದುಕೊಂಡವು. ಮೇಷ್ಟ್ರು ಕೂಡ ಕನ್ನಡಕ ತೆಗೆದು ಒರೆಸಿಕೊಂಡರು. ಮಾತು ಆಡಿದವನು ನಾನು. ಅದು ಹೇಗೆ ಬಾಯಿಗೆ ಬಂತೋ ಎಂದು ಹೇಳಿದರೆ ಸುಳ್ಳಾಗುತ್ತದೆ. "ಎರಡು" ಎಂದು ಅವನು ಹೇಳುತ್ತಿದ್ದ ಹಾಗೆಯೇ ವಾಕ್ಯ ನನ್ನಲ್ಲಿ ಪೂರ್ತಿಯಾಗಿ ಕೂತಿತ್ತು, ಎಲ್ಲಿ ತಡೆದು ಎಲ್ಲಿ ಬಿಡಬೇಕೆಂಬುದೂ ಗೊತ್ತಿತ್ತು. ಅಂದು ಮೂರು ಕೈ ಎದ್ದವು. ಮೂರು ಎಂದು ಬರೆದೆ. ನನ್ನದು ಅದರಲ್ಲಿ ಇರಲಿಲ್ಲ.

ಅಂದಿನಿಂದ ಅವನ ಅಡ್ಡಹೆಸರು ಬದಲಾಯಿತು. ಎರಡು ಹೊಲಿಗೆ ಬಂದ, ಎರಡು ಹೊಲಿಗೆ ಚಹಾ ಕುಡಿದ, ಎರಡು ಹೊಲಿಗೆಗೆ ಇವತ್ತು ಮೂಡಿಲ್ಲ. ಕುಲುಮೆಯ ವಾರ ಕಳೆದು ಪರದೆಗೆ ಮರಳಿದಾಗ ಅವನ ಕಣ್ಣು ಬೆಂಕಿಯ ಝಳಕ್ಕೆ ಸೋತಿತ್ತು. ಹತ್ತು ದಿನ ಒಡಕು ಬಾಟಲಿಗಳು ಅವನ ಕೈ ತಪ್ಪಿ ಹೋದವು. ಅದಕ್ಕೂ ಅವನು ಬೈಸಿಕೊಂಡ. ಮನೆಗೆ ಹೋಗಿ ಏನು ಹೇಳಿದನೋ ಆಗ ನನಗೆ ತಿಳಿದಿರಲಿಲ್ಲ.

ಅವನ ಹೆಂಡತಿಯನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಸಲ. ಅವನು ಮರೆತುಹೋಗಿದ್ದ ಊಟದ ಡಬ್ಬಿಯನ್ನು ಕೊಡಲು ಮಗಳ ಕೈ ಹಿಡಿದು ಕಿಟಕಿಯ ಬಳಿ ಬಂದಿದ್ದಳು. ಮಗುವಿನ ಮೇಲ್ತುಟಿಯ ಮೇಲೆ ತೆಳ್ಳನೆಯ ಗೆರೆಯೊಂದಿತ್ತು. ತಾಯಿಯ ಕೊರಳಲ್ಲಿ ಅಳತೆಯ ಟೇಪು ಹಾಗೇ ಉಳಿದಿತ್ತು, ತೆಗೆಯಲು ಮರೆತಿರಬೇಕು. ಡಬ್ಬಿ ಕೊಟ್ಟು ಹೋಗದೆ ನಿಂತಳು.

"ಗುಂಡಿ ಮಾತು ಹೇಳಿದ್ದು ನೀವಂತೆ ಅಲ್ವಾ ಅಣ್ಣ?"

ನಾನು ಡಬ್ಬಿಯನ್ನು ಮೇಜಿನ ಮೇಲೆ ಸರಿಸಿಟ್ಟೆ.

"ನಾನು ಆರು ಹಾಕ್ತೀನಿ," ಎಂದಳು, ನಗುತ್ತಲೇ. "ನಾಲ್ಕು ಹಾಕಿದ್ರೆ ಬಿದ್ದೋಗುತ್ತೆ."

ನನ್ನ ಅಂಗಿಯ ಮೇಲಿನ ಗುಂಡಿಯನ್ನು ಒಮ್ಮೆ ನೋಡಿ, ಮಗುವನ್ನು ಕರೆದುಕೊಂಡು ಹೊರಟುಹೋದಳು. ಗುಂಡಿ ಜೋತುಬಿದ್ದಿತ್ತು.

ಅದಾಗಿ ಎಂಟು ತಿಂಗಳಿಗೆ, ಒಂದು ಮಂಗಳವಾರ, ಹನ್ನೊಂದು ಹತ್ತಕ್ಕೆ ಫೋನು ಬಂತು. ದನಿ ಅವಳದೇ, ಆದರೆ ಎಲ್ಲೋ ಬಾಗಿ ಕುಳಿತು ಮಾತಾಡುವವರ ಹಾಗೆ ಅಡಗಿತ್ತು. ಸ್ವಲ್ಪ ಹುಷಾರಿಲ್ಲ, ಹೊಟ್ಟೆನೋವು, ಕೆಲಸ ಮುಗಿದ ಮೇಲೆ ಎಲ್ಲೂ ನಿಲ್ಲದೆ ನೇರ ಮನೆಗೆ ಬರಕ್ಕೆ ಹೇಳಿ ಎಂದಳು. ಬರೆದುಕೊಂಡೆ. ಬರೆದ ಮೇಲೆ, ನಿಯಮದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದೆ.

"ಗಂಭೀರನಾ ಅಮ್ಮ?"

ಆ ಕಡೆ ಉಸಿರು ಕೇಳುತ್ತಿತ್ತು. ಬಾಯಿಂದ ಒಳಗೆ ಎಳೆದು, ಹಲ್ಲಿನ ನಡುವೆ ಸ್ವಲ್ಪ ಸ್ವಲ್ಪವೇ ಬಿಡುವ ಉಸಿರು.

"ಆ ಪದ ಬೇಡ ಅಣ್ಣ. ಹಂಗೇನಿಲ್ಲ ಅಂತ ಬರ್ಕೊಳ್ಳಿ."

"ಹಂಗೇನಿಲ್ಲ" ಎಂದು ಬರೆದೆ.

ಹನ್ನೆರಡು ನಲವತ್ತಕ್ಕೆ ಮತ್ತೆ ಬಂತು. ಈ ಸಲ ಅವಳು ಕೇಳಿದ್ದು, ಬೇಗ ಬಿಡ್ತಾರಾ ಇವತ್ತು ಎಂದು. ನಾಲ್ಕಕ್ಕೇ ಅಮ್ಮ, ಎಂದಿನ ಹಾಗೆ ಎಂದೆ. ಸರಿ ಎಂದಳು. ಇಟ್ಟುಬಿಟ್ಟಳೆಂದುಕೊಂಡೆ, ಆದರೆ ಇಟ್ಟಿರಲಿಲ್ಲ. ತುಂಬ ಹೊತ್ತು ಅಂಗಡಿಯ ಸದ್ದು, ಯಾರೋ ಬೇಳೆ ಸುರಿದ ಸದ್ದು ಬರುತ್ತಿತ್ತು. ಎರಡನೆಯ ಸಾಲಿನಲ್ಲಿ ಅದನ್ನೂ ಬರೆದೆ: "ಬೇಗ ಬಿಡ್ತಾರಾ."

ನಾನು ಎದ್ದು ಬಾಗಿಲವರೆಗೆ ಹೋದೆ. ಅಲ್ಲಿಂದ ಅವನು ಕಾಣುತ್ತಿದ್ದ. ಬೆಳಕಿನ ಪರದೆಯ ಮುಂದೆ ಅವನ ತಲೆ, ಭುಜ, ಬಾಟಲಿಗೆ ಚಾಚುವ ಕೈ. ಮೂವತ್ತು ಹೆಜ್ಜೆಯ ದಾರಿ. ಕುಲುಮೆಯ ಕಡೆಯಿಂದ ಝಳ ಬಂದು ಮುಖಕ್ಕೆ ತಾಗಿತು. ಈ ಕೈಗಳು ಪುಸ್ತಕ ಹಿಡಿದ ಕೈಗಳು ಎಂದು ಯೋಚಿಸಿದೆನೆಂದು ಈಗ ಒಪ್ಪಿಕೊಳ್ಳಬೇಕು. ಆದರೆ ಆಗ ನನಗೆ ನಾನೇ ಹೇಳಿಕೊಂಡದ್ದು ಬೇರೆ: ಅವಳ ಮಾತು ಅವಳದು, ಅದನ್ನು ತಿದ್ದಲು ನಾನು ಯಾರು? ಎಂಥ ಚೆಂದದ ಕಾರಣ. ಹಿಂದಿರುಗಿ ಕುಳಿತೆ.

ಎರಡೂ ಇಪ್ಪತ್ತೈದಕ್ಕೆ ಮಾತಾಡಿದವನು ಅಂಗಡಿಯವನು. ನಿಮ್ಮಲ್ಲಿ ಬಾಟಲಿ ನೋಡೋರ ಮನೆಯವರು ಇಲ್ಲೇ ಅಕ್ಕಿ ಮೂಟೆ ಮೇಲೆ ಕೂತಿದ್ದಾರೆ, ಮುಖ ಬಿಳಿಚಿಕೊಂಡಿದೆ, ನೋಡಕ್ಕಾಗ್ತಿಲ್ಲ, ಅವರನ್ನ ಕಳಿಸಿ ಎಂದ. ನಿಯಮ ಹೇಳಿದೆ. ಗಂಭೀರ ಅಂತ ನೀವು ಹೇಳಿದರೆ ಕಳಿಸುತ್ತೇನೆ ಎಂದೆ. ಅವನು ಫೋನನ್ನು ಕಿವಿಯಿಂದ ದೂರ ಹಿಡಿದು ಅವಳನ್ನು ಕೇಳಿದ.

"ಗಂಭೀರ ಅನ್ಬೇಕಂತೆ ಕಣಮ್ಮ. ಹೇಳ್ಲಾ?"

ಅವಳ ಉತ್ತರ ನನಗೂ ಕೇಳಿಸಿತು.

"ಬೇಡಣ್ಣ. ನಿಲ್ಲಿಸಿ ನಗ್ತಾರೆ ಅವರನ್ನ."

ಅಂಗಡಿಯವನು ಫೋನಿಗೆ ಮರಳಿ ಬಂದು, ಬೇಡ ಅಂತಿದ್ದಾರೆ ಎಂದ. ನಾನು ಗಂಟೆ ಬರೆದು, ಮೂರನೆಯ ಕಲಮಿನಲ್ಲಿ "ಬೇಡ" ಎಂದು ಬರೆದೆ.

ನಾಲ್ಕು ಗಂಟೆಗೆ ಮೂರು ಚೀಟಿಗಳನ್ನು ಒಟ್ಟಿಗೆ ಮಡಿಸಿ ಅವನ ಕೈಗೆ ಕೊಟ್ಟೆ. ಅವನು ಗೇಟಿನ ಹೊರಗೆ ನಿಂತು ಒಂದೊಂದಾಗಿ ಬಿಚ್ಚಿ ಓದಿದ. ಮೂರನೆಯದನ್ನು ಓದಿದವನು ಓಡಿದ. ಅವನು ಅಂಗಡಿ ಮುಟ್ಟುವ ಹೊತ್ತಿಗೆ ಅವಳಿಗೆ ಎಚ್ಚರವಿರಲಿಲ್ಲ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳೇ ಇರಲಿಲ್ಲ. ಬಸಿರು ಗರ್ಭಕೋಶದಲ್ಲಿ ನಿಲ್ಲದೆ ಪಕ್ಕದ ನಾಳದಲ್ಲಿ ನಿಂತು ಒಡೆದಿತ್ತಂತೆ. ಬೆಳಿಗ್ಗೆಯಿಂದ ಹೊಟ್ಟೆಯೊಳಗೇ ರಕ್ತ ಸೋರಿತ್ತು. ಮಧ್ಯಾಹ್ನದೊಳಗೆ ತಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಇದನ್ನೆಲ್ಲ ಮರುದಿನ ಅಂಗಡಿಯವನೇ ಫೋನು ಮಾಡಿ ಹೇಳಿದ. ಅವಳು ಆ ಪದಕ್ಕೆ ಯಾಕೆ ಹೆದರುತ್ತಿದ್ದಳು ಎಂಬುದನ್ನೂ ಹೇಳಿದ. ಕುಲುಮೆಯಿಂದ ಬಂದ ರಾತ್ರಿ ಗಂಡ ಅವಳಿಗೆ, ಇನ್ನು ಸತ್ತರೂ ಸೈ, ಆ ಪದ ಎತ್ತಬೇಡ ಎಂದಿದ್ದನಂತೆ.

ಎಂಟನೆಯ ದಿನ ಅವನು ಕೆಲಸಕ್ಕೆ ಬಂದ. ಒಳಗೆ ಹೋಗುವ ಮೊದಲು ಕಿಟಕಿಯ ಬಳಿ ನಿಂತು ಸಂದೇಶ ಪುಸ್ತಕ ಕೇಳಿದ. ಕೊಟ್ಟೆ. ಆ ಮಂಗಳವಾರದ ಪುಟ ತೆಗೆದು, ಮೂರು ಸಾಲುಗಳ ಕೆಳಗೂ ಬೆರಳಿಟ್ಟು ನಿಧಾನವಾಗಿ ಓದಿದ. ನಾನು ಏನೋ ಹೇಳಲು ಹೊರಟಿದ್ದೆ. ನಿಯಮ, ಮೇಷ್ಟ್ರು, ಅವಳೇ ಬೇಡವೆಂದದ್ದು.

"ಅಕ್ಷರ ಚೆನ್ನಾಗಿದೆ," ಎಂದು ಪುಸ್ತಕ ಮುಚ್ಚಿ ಕೊಟ್ಟ.

ಆ ದಿನ ಅವನನ್ನು ಪೆಟ್ಟಿಗೆ ಹತ್ತಿಸಲಿಲ್ಲ. ಪದದ ಮೇಲೆ ಹೊರಹೋದವನಲ್ಲವಲ್ಲ, ಪಾಳಿ ಮುಗಿಸಿಯೇ ಹೋದವನು. ಹತ್ತಿಸುವುದಕ್ಕೆ ನಿಯಮವಿರಲಿಲ್ಲ. ಎರಡು ಹೊಲಿಗೆ ಎಂದು ಕರೆಯುವುದನ್ನು ಜನ ಬಿಟ್ಟರು, ಹಳೆಯ ಹೆಸರಿಗೂ ಯಾರೂ ಮರಳಲಿಲ್ಲ. ಅವನನ್ನು ಕರೆಯಬೇಕಾದರೆ ಹತ್ತಿರ ಹೋಗಿ ಭುಜ ಮುಟ್ಟುತ್ತಿದ್ದರು.

ಪದ್ಧತಿ ನಿಲ್ಲುತ್ತದೆ ಎಂದುಕೊಂಡಿದ್ದೆವು. ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಮೇಷ್ಟ್ರಿಗೆ ಅನ್ನಿಸಿರಬೇಕು. ಎರಡು ವಾರ ಬಿಟ್ಟು ಮತ್ತೆ ಪೆಟ್ಟಿಗೆ ಹೊರಬಂತು. ಹತ್ತಿದವನು ಪ್ಯಾಕಿಂಗಿನವನು, ಅವನ ಮನೆಯ ನೀರಿನ ತೊಟ್ಟಿ ಒಡೆದಿತ್ತು. ಕೇಳಿದವರು ತುಟಿ ಕಚ್ಚಿಕೊಂಡು ನಿಂತಿದ್ದರು, ನಗಬಹುದೋ ಬಾರದೋ ತಿಳಿಯದೆ. ಆಗ ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. ಅವನದು. ತೊಟ್ಟಿ ಒಡೆದದ್ದು ಗಂಭೀರ ಎಂದು ಕೈ ಎತ್ತಿ ನಿಂತ. ಮುಖದಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಪಕ್ಕದವನು ಅವನನ್ನು ನೋಡಿ ತಾನೂ ಎತ್ತಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ನಾನು ಎಡಗೈಯಲ್ಲಿ ಪುಸ್ತಕ ಹಿಡಿದು ಬಲಗೈ ಎತ್ತಿದ್ದೆ. ಅವನು ಇಳಿಸದೆ ನಾನು ಇಳಿಸುವಂತಿರಲಿಲ್ಲ, ಇಳಿಸದೆ ಬರೆಯುವಂತಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಆಡಿಗೂ ಎತ್ತಿದ, ಬೀಗದ ಕೈಗೂ ಎತ್ತಿದ, ತಂಗಿಯ ಮದುವೆಯ ಸೀರೆಯ ಬಣ್ಣಕ್ಕೂ ಎತ್ತಿದ. ಅವನು ಎತ್ತಿದರೆ ನಲವತ್ತೂ ಜನ ಎತ್ತಿ, ಅವನು ಇಳಿಸುವವರೆಗೆ ತೋಳು ನೋಯುತ್ತಿದ್ದರೂ ನಿಂತಿರುತ್ತಿದ್ದರು. ಒಂದು ಸಲ ಬಿಡುವು ಮುಗಿದ ಗಂಟೆ ಹೊಡೆದು ಮೂರು ನಿಮಿಷವಾದರೂ ಅವನು ಇಳಿಸಲಿಲ್ಲ. ಆ ದಿನ ಅರವತ್ತು ಬಾಟಲಿ ಸೊಟ್ಟಗಾದವು. ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು, ಅವನನ್ನು ನೋಡಿದರು, ಹೊರಗೆ ಹೋದರು. ಯಾರಿಗೂ ಶಿಕ್ಷೆಯಾಗುತ್ತಿರಲಿಲ್ಲ. ಆದರೂ ಪೆಟ್ಟಿಗೆ ಹತ್ತಲು ಮೊದಲಿಗಿಂತ ಹೆಚ್ಚು ಹೆದರುತ್ತಿದ್ದರು. ಮನೆಯವರಿಗೆ ಹೇಳಿ ಫೋನುಗಳನ್ನು ಕಡಿಮೆ ಮಾಡಿಸಿದರು. ಆ ಪದ ನನ್ನ ಕಿವಿಗೆ ಬೀಳುವುದೇ ಅಪರೂಪವಾಯಿತು. ನಾನು ಬಯಸಿದ್ದೂ ಅದನ್ನೇ.

ಆಮೇಲೆ ನನ್ನ ಸರದಿ ಬಂತು.

ನನ್ನನ್ನು ಸಾಕಿದವಳು ಅಕ್ಕ. ಅವ್ವ ಹೋದಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ಮದುವೆಯಾಗುವಾಗ, ಇವನೂ ಜೊತೆಗೆ ಬರುತ್ತಾನೆ ಎಂದು ಹೇಳಿ ಒಪ್ಪಿಸಿಯೇ ಮಣೆಯ ಮೇಲೆ ಕೂತವಳು. ಒಂದು ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಫೋನಿನಲ್ಲಿ ಅವಳ ಮಗಳು ಅಳುತ್ತಿದ್ದಳು. ಅಮ್ಮ ಬಚ್ಚಲಲ್ಲಿ ಬಿದ್ದಿದಾಳೆ, ಬಾಯಿ ಒಂದು ಕಡೆ ಹೋಗಿದೆ, ಮಾತಾಡ್ತಿಲ್ಲ, ಬೇಗ ಬಾ ಮಾವ.

ಫೋನಿಟ್ಟು ಪೆನ್ನು ಎತ್ತಿದೆ. ಗಂಟೆ ಬರೆದೆ. ಯಾರಿಗೆ ಎಂಬಲ್ಲಿ "ಗುಮಾಸ್ತರಿಗೆ" ಎಂದು ಬರೆದೆ. ಮೂರನೆಯ ಕಲಮಿಗೆ ಬಂದಾಗ ಕೈ ಅರೆ ಗಳಿಗೆ ನಿಂತಿತು, ಅರೆ ಗಳಿಗೆಯೂ ಇರಲಿಕ್ಕಿಲ್ಲ. "ಅಕ್ಕನ ಸ್ಥಿತಿ ಗಂಭೀರ" ಎಂದು ಬರೆದು, ಪುಸ್ತಕ ತೆರೆದಿಟ್ಟು, ಬಾಗಿಲು ಹಾಕದೆ ಓಡಿದೆ.

ನಾಲ್ಕು ದಿನಗಳ ಮೇಲೆ ಬಂದು ಪೆಟ್ಟಿಗೆ ಹತ್ತಿದೆ. ಮೇಲಿನಿಂದ ನೋಡಿದರೆ ನಲವತ್ತು ಜನ ಎಷ್ಟು ಹೆಚ್ಚು ಕಾಣುತ್ತಾರೆಂದು ಆವರೆಗೆ ತಿಳಿದಿರಲಿಲ್ಲ. ಚೆನ್ನಾಗಿ ಹೇಳಿದೆ. ಬಚ್ಚಲ ನೆಲದ ಮೇಲೆ ಬಿದ್ದಿದ್ದ ತಂಬಿಗೆ, ಒದ್ದೆ ಕೂದಲು, ನನ್ನನ್ನು ಗುರುತಿಸಿಯೂ ಹೆಸರು ಹೇಳಲಾಗದೆ ಬಾಯಿ ಹೊರಳಿದ್ದು, ಎಲ್ಲವನ್ನೂ ಒಂದೊಂದು ಪದ ಆರಿಸಿ ಹೇಳಿದೆ. ಮುಂದಿನ ಸಾಲಿನಲ್ಲಿ ಪ್ಯಾಕಿಂಗಿನವನು ಕಣ್ಣೊರೆಸಿಕೊಂಡ. ಹೇಳಿ ಮುಗಿಸಿ, ಎಲ್ಲರ ಹಾಗೆ ನಾನೂ ಹಿಂದಿನ ಸಾಲಿನ ಕಡೆ ನೋಡಿದೆ.

ಅವನು ಕೈ ಎತ್ತಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಬಾಯಿ ತೆರೆದ.

"ಪುಸ್ತಕ ಓದಿ, ಕವಿಗಳೇ."

ಪುಸ್ತಕ ನನ್ನ ಕೈಯಲ್ಲೇ ಇತ್ತು. ಓದಿದೆ. ಒಂಬತ್ತೂ ನಲವತ್ತು, ಗುಮಾಸ್ತರಿಗೆ, ಅಕ್ಕನ ಸ್ಥಿತಿ ಗಂಭೀರ.

"ಹುಡುಗಿ ಹಿಂಗೇ ಅಂದ್ಲಾ? ಸ್ಥಿತಿ ಗಂಭೀರ ಅಂತ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಪರೀಕ್ಷಿಸುವವರು ಯಾರೂ ಇರಲಿಲ್ಲ. ಆದರೆ ಅವನು ನನ್ನನ್ನು ನೋಡುತ್ತಿದ್ದ ರೀತಿ ನನಗೆ ಗೊತ್ತಿತ್ತು. ಅವನು ಬಾಟಲಿಗಳನ್ನು ನೋಡುವಾಗ ವರ್ಷಗಟ್ಟಲೆ ಬಾಗಿಲಲ್ಲಿ ನಿಂತು ಕಂಡಿದ್ದೆ.

"ಇಲ್ಲ."

"ಏನಂದ್ಲು?"

"ಅಮ್ಮ ಬಿದ್ದಿದಾಳೆ, ಮಾತಾಡ್ತಿಲ್ಲ, ಬೇಗ ಬಾ ಮಾವ, ಅಂದ್ಲು."

"ಮತ್ತೆ ಗಂಭೀರ ಅಂದಿದ್ದು ಯಾರು?"

"ನಾನೇ ಬರ್ಕೊಂಡೆ."

ಅವನು ತಲೆಯಾಡಿಸಿದ. ಬೇಕಾಗಿದ್ದ ಲೆಕ್ಕ ಸಿಕ್ಕಿದವನ ಹಾಗೆ, ಅವಸರವಿಲ್ಲದೆ.

"ಹಂಗಾದ್ರೆ ಬರಿಯಕ್ಕೆ ಬರುತ್ತೆ ನಿಮಗೆ," ಎಂದ.

ಮೇಷ್ಟ್ರು ಗಡಿಯಾರದ ಕಡೆ ತಿರುಗಿ, ಹೂಂ, ಕೈ ಎತ್ತೋರು ಎತ್ತಿ ಎಂದರು. ಯಾರೂ ಎತ್ತಲಿಲ್ಲ. ಪ್ಯಾಕಿಂಗಿನವನ ಕೈ ಅರ್ಧಕ್ಕೆ ಎದ್ದಿತ್ತು. ಹಿಂದೆ ತಿರುಗಿ ನೋಡಿ, ತಲೆ ತುರಿಸಿಕೊಂಡು ಇಳಿಸಿದ. ಎಣಿಸುವ ಕೆಲಸ ನನ್ನದೇ ಆದ್ದರಿಂದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಬ್ಬೊಬ್ಬರನ್ನೂ ನೋಡಿದೆ. ನೋಡಿ, ಪೆಟ್ಟಿಗೆಯ ಮೇಲೆ ನಿಂತೇ, ಸಂದೇಶದ ಪಕ್ಕದಲ್ಲಿ ಸೊನ್ನೆ ಬರೆದೆ.

ಅಕ್ಕ ಸಾಯಲಿಲ್ಲ. ಬಾಯಿ ಸೊಟ್ಟಗಿದ್ದರೂ ಇನ್ನೂ ಒಂಬತ್ತು ವರ್ಷ ಬದುಕಿದಳು. ಹಾಗೆ ನೋಡಿದರೆ ಅವರು ಕೊಟ್ಟ ತೀರ್ಪಿನಲ್ಲಿ ತಪ್ಪಿರಲಿಲ್ಲ.

ಏಳು ದಿನ ಕುಲುಮೆಯ ಬಾಯಲ್ಲಿ ನಿಂತೆ. ಮೊದಲ ದಿನವೇ ಅಂಗೈಯಲ್ಲಿ ನೀರುಗುಳ್ಳೆ ಎದ್ದು ಒಡೆದವು. ಮುಂಗೈಯ ಕೂದಲು ಸುಟ್ಟು ವಾಸನೆ ಬರುತ್ತಿತ್ತು. ಸಲಿಕೆ ಇಳಿಸಿ ಬೆನ್ನು ನೆಟ್ಟಗೆ ಮಾಡಿದಾಗಲೆಲ್ಲ ಅವನ ಕಡೆ ನೋಡುತ್ತಿದ್ದೆ. ಬೆಂಕಿ ನೋಡಿದ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ. ಬೆಳಕಿನ ಪರದೆಯ ಮುಂದೆ ಒಂದು ಕಪ್ಪು ಕೈ ಮಾತ್ರ ಏಳುತ್ತಿತ್ತು, ಬಾಟಲಿಯನ್ನು ತಿರುಗಿಸಿ ನೋಡಿ ಇಳಿಸುತ್ತಿತ್ತು, ಮತ್ತೆ ಏಳುತ್ತಿತ್ತು.